ಕೈಪಟ್ಟಿಯ ಹೆಸರು

ನಮ್ಮ ತರಬೇತಿ ಕೋಣೆಯ ಮಂಚದ ಮೇಲೆ ಮಲಗಿರುವ ರಬ್ಬರ್ ಗೊಂಬೆಯನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಾರೆ. ಆಳೆತ್ತರದ ಗೊಂಬೆ. ಬಾಯಿ ಸದಾ ಅರ್ಧ ತೆರೆದಿರುತ್ತದೆ, ಕಣ್ಣು ಮುಚ್ಚುವುದಿಲ್ಲ. ಚುಚ್ಚಿ ಚುಚ್ಚಿ ತೂತಾದ ಎಡತೋಳಿಗೆ ಅಮ್ಮ ಆಗಾಗ ತೇಪೆ ಹಾಕುತ್ತಾಳೆ. ದಿನವಿಡೀ ಮೈ ಒರೆಸಿಸಿಕೊಂಡು, ನಾಡಿ ನೋಡಿಸಿಕೊಂಡು, ಈಗ ಹೇಗಿದ್ದೀರಾ ಎಂದು ಕೇಳಿಸಿಕೊಳ್ಳುವ ಭಾಗ್ಯ ನಮ್ಮ ಮನೆಯಲ್ಲಿ ಇನ್ನಾರಿಗೂ ಇಲ್ಲ. ಅಪ್ಪನಿಗಂತೂ ಇರಲಿಲ್ಲ.

ನಮ್ಮದು ನರ್ಸುಗಳನ್ನು ಹೊರದೇಶದ ಆಸ್ಪತ್ರೆಗಳಿಗೆ ಕಳಿಸುವ ಸಣ್ಣ ಕಚೇರಿ. ಕೆಳಗೆ ಔಷಧದಂಗಡಿ, ಮೇಲೆ ನಾವು. ಮುಂದಿನ ಕೋಣೆಯಲ್ಲಿ ನಾನು ಕೂರುತ್ತೇನೆ. ಯಾವ ಆಸ್ಪತ್ರೆಗೆ ಎಂಥ ನರ್ಸು ಬೇಕು, ನಮ್ಮ ಹುಡುಗಿಯರಲ್ಲಿ ಯಾರು ಅಲ್ಲಿಗೆ ಒಗ್ಗುತ್ತಾರೆ ಎಂದು ನೋಡಿ ಗಂಟು ಹಾಕುವುದು ನನ್ನ ಕೆಲಸ. ಒಂದು ರೀತಿಯಲ್ಲಿ ಮದುವೆ ದಲ್ಲಾಳಿಯ ಕೆಲಸವೇ. ಎರಡೂ ಕಡೆಯವರು ಸುಳ್ಳು ಹೇಳುತ್ತಾರೆ, ಬೈಗುಳ ಮಾತ್ರ ನಡುವೆ ನಿಂತವಳಿಗೆ. ಹಿಂದಿನ ಕೋಣೆ ಅಮ್ಮನದು. ಪ್ರಾಯದಲ್ಲಿ ಹೊರದೇಶದ ವಾರ್ಡುಗಳಲ್ಲಿ ದುಡಿದು ಬಂದವಳು ಅವಳು. ಇಲ್ಲಿ ಕಲಿತ ನರ್ಸು ಅಲ್ಲಿ ಕೆಲಸಕ್ಕೆ ಸೇರಬೇಕಾದರೆ ಅವರದೇ ಒಂದು ಕೈಕೆಲಸದ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಹುಡುಗಿಯರನ್ನು ತಯಾರು ಮಾಡುವವಳು ಅಮ್ಮ.

ಆ ಪರೀಕ್ಷೆ ವಿಚಿತ್ರವಾದದ್ದು. ಮಂಚದ ಮೇಲೆ ಗೊಂಬೆ, ಪಕ್ಕದಲ್ಲಿ ಪರದೆ. ನರ್ಸು ಆ ಗೊಂಬೆಯನ್ನು ಜೀವವಿರುವ ರೋಗಿಯೆಂದೇ ತಿಳಿದು ಮಾತಾಡಿಸಬೇಕು. ಪರದೆಯ ಹಿಂದೆ ಕೂತವರು ಗೊಂಬೆಯ ಪರವಾಗಿ ಉತ್ತರ ಕೊಡುತ್ತಾರೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಹೆಸರು. ರೋಗಿ ಹೇಳಿದ ಹೆಸರೂ ಮಣಿಕಟ್ಟಿನ ಕೈಪಟ್ಟಿಯಲ್ಲಿ ಬರೆದ ಹೆಸರೂ ಒಂದೇ ಆದರೆ ಮಾತ್ರ ಔಷಧ. ಹೊಂದದಿದ್ದರೆ ಅಲ್ಲಿಗೇ ಕೈ ತಡೆಯಬೇಕು. ಒಬ್ಬರ ಮಾತ್ರೆ ಇನ್ನೊಬ್ಬರ ಹೊಟ್ಟೆಗೆ ಹೋಗಬಾರದಲ್ಲ.

ನಮ್ಮಲ್ಲಿ ಪರದೆಯ ಹಿಂದಿನ ದನಿ ಅಪ್ಪನದಾಗಿತ್ತು. ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಜೀವಮಾನವಿಡೀ ಕೂಗಿ ಪಳಗಿದ ಗಂಟಲು ಮನೆಯಲ್ಲಿ ಸುಮ್ಮನೆ ತುಕ್ಕು ಹಿಡಿಯುತ್ತಿತ್ತು. ಅಮ್ಮ ಒಮ್ಮೆ ಕುರ್ಚಿ ಹಾಕಿ ಕೂರಿಸಿದ್ದೇ ತಡ, ಮುದುಕನಿಗೆ ರೆಕ್ಕೆ ಬಂತು. ಗೊಂಬೆಯ ಕೈಪಟ್ಟಿಗೆ ಹೆಸರು ಇಟ್ಟವನೂ ಅವನೇ. ರಜೆ ಕೇಳಿದಾಗಲೆಲ್ಲ ಸತಾಯಿಸುತ್ತಿದ್ದ ಡಿಪೋ ಮ್ಯಾನೇಜರನ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. "ಚುಚ್ಚಿ, ಧಾರಾಳವಾಗಿ ಚುಚ್ಚಿ, ಪಾಪ ಗೀಪ ನೋಡ್ಬೇಡಿ" ಎಂದು ಹುಡುಗಿಯರಿಗೆ ಹೇಳುತ್ತಿದ್ದ.

ಅವನ ದೊಡ್ಡ ಖುಷಿ ಎಂದರೆ ಬಲೆ ಹಾಕುವುದು. ಒಂದು ದಿನ ಕಿವುಡನಾಗುತ್ತಿದ್ದ, ಒಂದು ದಿನ ಮಾತ್ರೆ ಒಲ್ಲೆ ಎಂದು ಹಟ ಹಿಡಿಯುತ್ತಿದ್ದ. ಕೆಲವು ಸಲ ಬೇಕೆಂದೇ ಬೇರೆ ಯಾವುದೋ ಹೆಸರು ಹೇಳುತ್ತಿದ್ದ. ಗಡಿಬಿಡಿಯ ಹುಡುಗಿ ಅದನ್ನು ಗಮನಿಸದೆ ಮಾತ್ರೆ ಕೊಟ್ಟರೆ ಪರದೆಯ ಹಿಂದಿನಿಂದ ಗೊರಗೊರ ಸದ್ದು ಮಾಡಿ, "ಕೊಂದೆಯಲ್ಲಮ್ಮ ನನ್ನನ್ನ" ಎನ್ನುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೆ ಅವನ ಕೈಯಲ್ಲಿ ಒಮ್ಮೆ ಸತ್ತ ಹುಡುಗಿ ಪರೀಕ್ಷೆಯಲ್ಲಿ ಹೆಸರಿನ ಜಾಗದಲ್ಲಿ ಎಡವುತ್ತಿರಲಿಲ್ಲ. ಒಂದೊಂದು ಅಭ್ಯಾಸ ಮುಗಿದಾಗಲೂ ಅಪ್ಪ ಬಸ್ಸು ಹೊರಡಿಸುವಂತೆ "ರೈಟ್, ರೈಟ್" ಎಂದು ಕೂಗುತ್ತಿದ್ದ. ಆ ಕೂಗು ಬೀಳುವ ತನಕ ಯಾರೂ ಕದಲುವ ಹಾಗಿಲ್ಲ ಎಂಬುದು ಅವನೇ ಮಾಡಿದ ಕಾನೂನು.

ಅಪ್ಪ ಸತ್ತದ್ದು ಆ ಕುರ್ಚಿಯಲ್ಲೇ. ಹೋದ ವರ್ಷ, ಹಾಡಹಗಲು. ನಾನು ಅಂದು ಹೊರದೇಶದಿಂದ ಬಂದ ಆಸ್ಪತ್ರೆಯವರ ಜೊತೆ ಹೋಟೆಲಿನಲ್ಲಿ ಸಂದರ್ಶನ ನಡೆಸುತ್ತಿದ್ದೆ. ಅಭ್ಯಾಸ ಮುಗಿಸಿ ಎಲ್ಲರೂ ಕಾಫಿಗೆಂದು ಮುಂದಿನ ಕೋಣೆಗೆ ಬಂದರಂತೆ. ಅಪ್ಪ ಬರಲಿಲ್ಲವಂತೆ. ಕಾಫಿ ಆರಿಹೋಗುತ್ತಿದೆಯೆಂದು ಅಮ್ಮ ಕರೆಯಲು ಹೋಗಿ ಪರದೆ ಸರಿಸಿದರೆ, ತಲೆ ಗೋಡೆಗೆ ಒರಗಿತ್ತಂತೆ, ಕನ್ನಡಕ ತೊಡೆಯ ಮೇಲಿತ್ತಂತೆ. ಹೃದಯ ನಿಂತಿತು ಎಂದರು ಡಾಕ್ಟರು. ನನಗೆ ಗೊತ್ತಿದ್ದದ್ದು ಇಷ್ಟೇ.

ಆಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅಮ್ಮ ಹಿಂದಿನ ಕೋಣೆಗೆ ಹೋಗುವುದನ್ನೇ ಬಿಟ್ಟಳು. ಪಾಠವನ್ನೆಲ್ಲ ಮುಂದಿನ ಕೋಣೆಗೆ, ನನ್ನ ಮೇಜಿನ ಪಕ್ಕಕ್ಕೆ ತಂದಳು. ತೇಪೆ ಹಾಕಬೇಕಾದಾಗ ದೊಡ್ಡಪ್ಪನ ತೋಳನ್ನು ಕಳಚಿ ತರಿಸಿಕೊಳ್ಳುತ್ತಿದ್ದಳು, ಅಷ್ಟು. ಹುಡುಗಿಯರು ಮೂಕ ಗೊಂಬೆಯ ಮುಂದೆ ನಿಂತು ತಾವೇ ಕೇಳಿ ತಾವೇ ಹೇಳಿಕೊಂಡು ಕಲಿಯುತ್ತಿದ್ದರು.

ಕುರ್ಚಿ ಮಾತ್ರ ಸುಮ್ಮನಿರಲಿಲ್ಲ. ಅದು ಮಡಚುವ ಕಬ್ಬಿಣದ ಕುರ್ಚಿ, ಅಪ್ಪ ಕಾಲು ಬದಲಿಸಿದಾಗಲೆಲ್ಲ ಕಿರ್ ಎನ್ನುತ್ತಿತ್ತು. ಹುಡುಗಿಯರೆಲ್ಲ ಹೋದ ಮೇಲೆ, ಮಧ್ಯಾಹ್ನದ ಹೊತ್ತು, ನಾನು ಯಾರದೋ ಫೋನಿನಲ್ಲಿದ್ದಾಗ ಒಳಗಿನಿಂದ ಕಿರ್ ಕೇಳುತ್ತಿತ್ತು. ಕಬ್ಬಿಣ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಕೋಣೆಗೆ ಬಿಸಿಲು ಬೀಳುವುದಿಲ್ಲ. ಅಮ್ಮನಿಗೂ ಕೇಳುತ್ತಿತ್ತು ಎಂದು ನನಗೆ ಗೊತ್ತು, ಯಾಕೆಂದರೆ ಸದ್ದಾದಾಗ ಅವಳು ತಲೆ ಎತ್ತುತ್ತಿರಲಿಲ್ಲ. ಸಣ್ಣ ಸದ್ದಿಗೂ ತಲೆ ಎತ್ತುವ ಹೆಂಗಸು ಅವಳು.

ಇನ್ನು ಆಮೆಯ ವಿಷಯ. ಆಮೆ ಎಂದು ಹೆಸರಿಟ್ಟವನು ಅಪ್ಪನೇ. ಆ ಹುಡುಗಿ ಯಾವುದಕ್ಕೂ ಅವಸರ ಮಾಡುವವಳಲ್ಲ. ಕೈ ತೊಳೆಯುವುದನ್ನು ನೋಡಿದರೆ ಮದುವೆಗೆ ಹೊರಟವಳಂತೆ ತೊಳೆಯುತ್ತಿದ್ದಳು. "ಬಾರಮ್ಮ ಆಮೆ, ನೀನು ಬರೋದ್ರೊಳಗೆ ನಾನು ವಾಸಿಯಾಗಿ ಮನೆಗೆ ಹೋಗಿರ್ತೀನಿ" ಎಂದು ಅಪ್ಪ ರೇಗಿಸುತ್ತಿದ್ದ. ಅವನಿಗೆ ಅವಳೆಂದರೆ ಅಚ್ಚುಮೆಚ್ಚು. ಅವನ ಬಲೆಗೆ ಒಮ್ಮೆಯೂ ಬೀಳದವಳು ಅವಳೊಬ್ಬಳೇ. ಹೊರದೇಶದ ಆಸ್ಪತ್ರೆಯ ಹೆಂಗಸು ಸಂದರ್ಶನದಲ್ಲಿ ಅವಳನ್ನು ನೋಡಿದವಳೇ, "ಇಂಥವರೇ ನಮಗೆ ಬೇಕು" ಎಂದು ಅಲ್ಲೇ ಕೆಲಸ ಖಾಯಂ ಮಾಡಿದ್ದಳು. ಪರೀಕ್ಷೆ ಒಂದು ಪಾಸಾದರೆ ಸಾಕಿತ್ತು.

ಅಪ್ಪ ಹೋದ ಮೇಲೆ ಆಮೆ ಎರಡು ಸಲ ಫೇಲಾದಳು. ಮೂರನೆಯದೇ ಕೊನೆ, ಅದರಲ್ಲೂ ಬಿದ್ದರೆ ಆ ದೇಶದ ಬಾಗಿಲು ಜೀವಮಾನಕ್ಕೆ ಮುಚ್ಚಿದಂತೆ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಆಗಲೇ ಮುಚ್ಚಿಹೋಗಿತ್ತು. ಯಾರ್ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡು, ಮಗಳನ್ನು ತಾಯಿಯ ಹತ್ತಿರ ಬಿಟ್ಟು ದಿನ ನೂಕುತ್ತಿದ್ದಳು. ಕೆಲಸ ಸಿಕ್ಕರೆ ಮಗಳೂ ಜೊತೆಗೆ ಹೋಗಬಹುದು. ಮಗಳು ಶಾಲೆಯ ಗೆಳತಿಯರಿಗೆಲ್ಲ ಹೋಗಿ ಬರುತ್ತೇನೆಂದು ಹೇಳಿ, ಹೋಗಲಾರದೆ, ಎರಡು ಸಲ ನಗೆಪಾಟಲಾಗಿದ್ದಳು.

ಆಮೆ ಬೀಳುವುದೆಂದರೆ ಮೀನು ನೀರಿನಲ್ಲಿ ಮುಳುಗಿ ಸತ್ತ ಹಾಗೆ. ನನಗೆ ಅರ್ಥವಾಗಲಿಲ್ಲ, ಸಿಟ್ಟೂ ಬಂತು. ವಿಚಾರಿಸಿದರೆ ಎರಡು ಸಲವೂ ಒಂದೇ ಜಾಗ. ಹೆಸರು ಕೇಳಿದ್ದಾಳೆ, ಪರದೆಯ ಹಿಂದಿನವರು ಸರಿಯಾದ ಹೆಸರನ್ನೇ ಹೇಳಿದ್ದಾರೆ, ಇವಳು ಹೊಂದುತ್ತಿಲ್ಲ ಎಂದು ತಟ್ಟೆ ಕೆಳಗಿಟ್ಟು ನಿಂತುಬಿಟ್ಟಿದ್ದಾಳೆ.

ಕರೆಸಿ ಎದುರಿಗೆ ಕೂರಿಸಿಕೊಂಡು ಕೇಳಿದೆ. "ಏನಮ್ಮ ಇದು? ಕಿವಿ ಸರಿ ಇದೆಯಾ ನಿಂಗೆ?"

"ಇದೆ ಅಕ್ಕಾ."

"ಮತ್ತೆ ಅವರು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೆ ಬೇರೆ ಹೆಸರು ಕೇಳಿಸ್ತು" ಎಂದಳು.

"ಯಾವ ಹೆಸರು?"

ಅವಳು ಪಕ್ಕದ ಮೇಜಿನಲ್ಲಿ ಹತ್ತಿ ಸುತ್ತುತ್ತಿದ್ದ ಅಮ್ಮನ ಕಡೆ ಒಮ್ಮೆ ನೋಡಿದಳು. ಅಮ್ಮ ಹತ್ತಿಯನ್ನೇ ನೋಡುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪರೀಕ್ಷೆ ಹತ್ತಿರ ಬಂದಿತ್ತು. "ನಾಳೆ ಬಾ" ಎಂದೆ. "ನಾನೇ ಪರದೆ ಹಿಂದೆ ಕೂತ್ಕೋತೀನಿ. ದೊಡ್ಡಪ್ಪನ ಹೆಸರನ್ನ ಕಿವಿ ತೂತಾಗೋ ಹಾಗೆ ಹೇಳ್ತೀನಿ. ಅದೆಲ್ಲಿ ಬೇರೆ ಕೇಳಿಸತ್ತೋ ನೋಡೇಬಿಡೋಣ."

ಅಮ್ಮ, "ಆ ಕುರ್ಚಿ ಬೇಡ ಕಣೇ" ಎಂದಳು. "ಬೇರೆ ಹಾಕ್ಕೋ."

"ಕುರ್ಚಿ ಏನು ಮಾಡತ್ತೆ? ಕಚ್ಚತ್ತಾ?" ಎಂದೆ.

ಮಾರನೆಯ ಮಧ್ಯಾಹ್ನ ಪರದೆಯ ಹಿಂದೆ ಹೋದೆ. ಅಪ್ಪ ಹೋದ ಮೇಲೆ ಮೊದಲ ಸಲ. ಇಷ್ಟೇ ಇಷ್ಟು ಜಾಗ. ಕುರ್ಚಿ, ಒಂದು ಸ್ಟೂಲು, ಸ್ಟೂಲಿನ ಮೇಲೆ ಗಂಟಲಿಗೆಂದು ಅವನು ಚೀಪುತ್ತಿದ್ದ ಪೆಪ್ಪರ್‌ಮೆಂಟಿನ ಡಬ್ಬಿ. ಗೋಡೆಯಲ್ಲಿ, ಅವನ ತಲೆ ತಾಗುತ್ತಿದ್ದಲ್ಲಿ, ಎಣ್ಣೆಯ ಕಲೆ. ಅದನ್ನು ಯಾರೂ ತೊಳೆದಿರಲಿಲ್ಲ. ಕೂತೆ. ಕುರ್ಚಿ ಕಿರ್ ಎಂದಿತು. ನನ್ನ ಬೆನ್ನಿಗೆ ಆ ಕಬ್ಬಿಣ ಬೆಚ್ಚಗೆ ತಾಗಿತು, ಈಗಷ್ಟೇ ಯಾರೋ ಎದ್ದು ಹೋದಂತೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಜೊತೆಗೆ ಅಪ್ಪನ ಮೇಲೆ ವಿಪರೀತ ಸಿಟ್ಟೂ ಬಂತು. ಹೇಳದೆ ಕೇಳದೆ ಎದ್ದು ಹೋದವನು ಇನ್ನೂ ಕುರ್ಚಿ ಬಿಸಿ ಮಾಡುತ್ತಾ ಕೂರುವುದು ಯಾವ ನ್ಯಾಯ?

ಪರದೆಯ ಬಟ್ಟೆಯಲ್ಲಿ ಆಮೆಯ ನೆರಳು ಬಂದು ನಿಂತಿತು. ಕೈ ತೊಳೆದ ಸದ್ದು, ಉದ್ದವಾಗಿ. ಆಮೇಲೆ ಅವಳ ದನಿ.

"ನಮಸ್ಕಾರ. ನಾನು ಇವತ್ತು ನಿಮ್ಮನ್ನ ನೋಡ್ಕೊಳ್ಳೋ ನರ್ಸು. ಹೇಗಿದ್ದೀರಾ?"

"ಎದೆ ಭಾರ ಅನ್ನಿಸ್ತಿದೆಯಮ್ಮ" ಎಂದೆ. ಪರೀಕ್ಷೆಯಲ್ಲಿ ಬರುವುದು ಎದೆನೋವಿನ ರೋಗಿಯೇ.

"ನಾನು ಈಗಲೇ ನೋಡ್ತೀನಿ, ಗಾಬರಿ ಆಗ್ಬೇಡಿ. ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?"

ಡಿಪೋ ಮ್ಯಾನೇಜರನ ಹೆಸರನ್ನು, ಅವನ ತಂದೆಯ ಹೆಸರಿನ ಸಮೇತ, ಸ್ಪಷ್ಟವಾಗಿ ಹೇಳಿದೆ.

ನೆರಳು ಕದಲಲಿಲ್ಲ. "ಕ್ಷಮಿಸಿ, ಇನ್ನೊಂದ್ಸಲ ಹೇಳ್ತೀರಾ?"

ಇನ್ನೊಂದು ಸಲ ಹೇಳಿದೆ. ಅಕ್ಷರ ಅಕ್ಷರ ಬಿಡಿಸಿ.

"ಹೊಂದ್ತಿಲ್ಲ" ಎಂದಳು ಆಮೆ. ತಟ್ಟೆ ಮೇಜಿನ ಮೇಲೆ ಇಳಿದ ಸದ್ದು ಕೇಳಿಸಿತು.

ನನಗೆ ರೇಗಿತು. ಪರದೆಯನ್ನು ಸರ್ರನೆ ಎಳೆದು ಹೊರಗೆ ಬಂದೆ. "ಏನು ಹೊಂದ್ತಿಲ್ಲ? ಪಟ್ಟಿ ಮೇಲಿರೋದನ್ನೇ ಹೇಳಿದ್ನಲ್ಲ ನಾನು?"

ಆಮೆ ಕೈಪಟ್ಟಿಯ ಮೇಲೆ ಬೆರಳಿಟ್ಟಳು. "ನೀವು ಹೇಳಿದ್ದು ಅಂಕಲ್ ಹೆಸರು ಅಕ್ಕಾ" ಎಂದಳು.

"ಹುಚ್ಚಾ ನಿಂಗೆ?"

"ಅಪ್ಪನ ಹೆಸರೇ ಹೇಳಿದೆ ಕಣೇ ನೀನು." ಬಾಗಿಲ ಬಳಿ ಅಮ್ಮ ನಿಂತಿದ್ದಳು. ಹೊಸಿಲು ದಾಟಿರಲಿಲ್ಲ, ಕೈಯಲ್ಲಿ ಕಾಫಿಯ ತಟ್ಟೆ ಇತ್ತು. "ಎರಡು ಸಲವೂ ಅದನ್ನೇ ಹೇಳಿದೆ. ಅವರು ಹೇಳಿದ ಹಾಗೇ, ಎರಡನೇ ಸಲ ಮೆತ್ತಗೆ."

ನನ್ನ ನಾಲಿಗೆ ನನಗೆ ಗೊತ್ತು. ನಾನು ಡಿಪೋ ಮ್ಯಾನೇಜರನ ಹೆಸರು ಹೇಳಿದ್ದೆ. ಇಂದಿಗೂ ಹಾಗೆಂದೇ ಹೇಳುತ್ತೇನೆ. ಆದರೆ ಇಬ್ಬರು ಹೆಂಗಸರು ನನ್ನ ಮುಖವನ್ನು ನೋಡುತ್ತಾ ನಿಂತಿದ್ದರು, ಇಬ್ಬರಲ್ಲಿ ಒಬ್ಬರಿಗೂ ಸುಳ್ಳು ಹೇಳುವ ಶಕ್ತಿ ಉಳಿದಂತೆ ಕಾಣಲಿಲ್ಲ. ಅಮ್ಮ ಹೇಳಿದ ಕೊನೆಯ ಮಾತು ಆಮೇಲೆ ನನ್ನ ತಲೆಗೆ ಹೋಯಿತು.

"ಅವರು ಹೇಳಿದ ಹಾಗೇ ಅಂದ್ರೆ? ಅಪ್ಪ ಯಾವಾಗ ಹೇಳಿದ?"

ಅಮ್ಮ ತಟ್ಟೆಯನ್ನು ನೆಲದ ಮೇಲಿಟ್ಟು ಹೊಸಿಲಲ್ಲೇ ಕೂತಳು. ಆಮೆಯೇ ಹೇಳಿದಳು. ಯಾವತ್ತಿನಂತೆ ನಿಧಾನವಾಗಿ, ಒಂದನ್ನೂ ಬಿಡದೆ.

ಅಂದು ಅಪ್ಪನ ಕೊನೆಯ ಅಭ್ಯಾಸ ಆಮೆಯ ಜೊತೆಗೆ. ಉಳಿದ ಹುಡುಗಿಯರು ಗೋಡೆಗೆ ಒರಗಿ ನೋಡುತ್ತಿದ್ದರು, ಅಮ್ಮ ಕೈಗಡಿಯಾರ ಹಿಡಿದು ನಿಂತಿದ್ದಳು. ಎದೆ ಭಾರ ಎಂದ ಅಪ್ಪ. ಪಾತ್ರದ ಮಾತು ಅದೇ ಆದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಹೆಸರು ಕೇಳಿದಾಗ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಅಪ್ಪ ತನ್ನದೇ ಹೆಸರು ಹೇಳಿದ. ತನ್ನ ಹೆಸರು, ತನ್ನ ತಂದೆಯ ಹೆಸರು, ಹುಟ್ಟಿದ ವರ್ಷ. ಆಸ್ಪತ್ರೆಯ ಕೌಂಟರಿನಲ್ಲಿ ನಿಂತವರು ಹೇಳುವ ಹಾಗೆ. ಆಮೆ ಕೈಪಟ್ಟಿ ನೋಡಿದಳು, ಹೊಂದಲಿಲ್ಲ. ಮತ್ತೆ ಕೇಳಿದಳು. ಅಪ್ಪ ಮತ್ತೆ ತನ್ನ ಹೆಸರನ್ನೇ ಹೇಳಿದ, ಮೆತ್ತಗೆ. ಮುದುಕನ ಹೊಸ ಬಲೆ ಎಂದುಕೊಂಡಳು ಆಮೆ. "ಹೊಂದ್ತಿಲ್ಲ, ವಿಚಾರಿಸೋ ತನಕ ಔಷಧ ಕೊಡಲ್ಲ" ಎಂದು ತಟ್ಟೆ ಕೆಳಗಿಟ್ಟಳು.

"ನಾನು ಭೇಷ್ ಅಂದೆ" ಎಂದಳು ಅಮ್ಮ. ನೆಲ ನೋಡುತ್ತಾ ಹೇಳಿದಳು. "ಬಲೆಗೆ ಬೀಳ್ಲಿಲ್ಲ ನೋಡಿ ಹುಡುಗಿ, ಅಂತ ಪರದೆ ಕಡೆ ತಿರುಗಿ ಹೇಳಿದೆ. ಎಲ್ಲ ಚಪ್ಪಾಳೆ ತಟ್ಟಿದ್ರು. ಕಾಫಿಗೆ ಹೋದ್ವಿ. ರೈಟ್ ಅನ್ಲಿಲ್ಲ ಅವರು. ರೈಟ್ ಅನ್ನದೇ ಇದ್ದದ್ದು ಒಬ್ಬರಿಗೂ ಹೊಳೀಲಿಲ್ಲ. ಇಡೀ ಆಯುಸ್ಸು ವಾರ್ಡಿನಲ್ಲಿ ಕಳೆದವಳಿಗೆ ಹೊಳೀಲಿಲ್ಲ. ಅವರು ಆಟ ಆಡ್ತಿರ್ಲಿಲ್ಲ. ನಾನು ಯಾರು ಅಂತ ಹೇಳಿದ್ರು, ಅಷ್ಟೆ. ದೊಡ್ಡಪ್ಪನಿಗಲ್ಲ, ನನಗೆ ನೋವು, ಅಂತ."

"ತಟ್ಟೆಯಲ್ಲಿ ಮಾತ್ರೆ ಅಂತ ಇದ್ದದ್ದು ಪೆಪ್ಪರ್‌ಮೆಂಟು ಅಮ್ಮ" ಎಂದೆ. ಸಮಾಧಾನಕ್ಕೆಂದು ಬಾಯಿಗೆ ಬಂದದ್ದು ಅದೊಂದೇ. "ಅವಳು ಕೊಟ್ಟಿದ್ರೂ ಏನಾಗ್ತಿತ್ತು?"

"ಕೆಳಗೆ ಔಷಧದಂಗಡಿ ಇತ್ತು" ಎಂದಳು ಅಮ್ಮ.

ನಾನು ದೊಡ್ಡಪ್ಪನ ಮಂಚದ ಅಂಚಿಗೆ ಕೂತು ಅತ್ತೆ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಸುದ್ದಿ ತಿಳಿಸುವುದು, ಚಟ್ಟ ಹೊರುವವರನ್ನು ಹುಡುಕುವುದು, ಬಂದವರಿಗೆ ಜಾಗ ಮಾಡುವುದು, ಇದರಲ್ಲೇ ದಿನ ಹೋಗಿತ್ತು. ಈಗ ಆ ಸಣ್ಣ ಜಾಗದಲ್ಲಿ ಅವನೊಬ್ಬನೇ ತನ್ನ ಹೆಸರನ್ನು ಎರಡು ಸಲ ಹೇಳಿ, ಚಪ್ಪಾಳೆ ಕೇಳಿಸಿಕೊಂಡದ್ದು ಕಣ್ಣಿಗೆ ಕಟ್ಟಿತು. ಅಮ್ಮನ ಮೇಲೂ ಆಮೆಯ ಮೇಲೂ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಮಾಡಬೇಕಾದದ್ದನ್ನು ಅವರು ಅಚ್ಚುಕಟ್ಟಾಗಿ ಮಾಡಿದ್ದರು, ತಪ್ಪು ಆಗಿದ್ದೇ ಅಲ್ಲಿ.

ಆಮೆ ನನ್ನ ಹತ್ತಿರ ಬಂದಳು. "ಅಕ್ಕಾ, ಹೆಸರು ಹೊಂದದಿದ್ರೆ ಔಷಧ ಕೊಡಬಾರದು ಅಂತ ಮಾತ್ರ ಅಲ್ಲ. ಮಲಗಿರೋರು ಯಾರು ಅಂತ ತಿಳ್ಕೊಂಡು, ಅವರ ಹೆಸರಿನ ಪಟ್ಟಿ ಕಟ್ಟಿ, ಆಮೇಲೆ ಕೆಲಸ ಮುಂದುವರಿಸ್ಬೇಕು. ಮೇಡಮ್ಮೇ ಹೇಳಿಕೊಟ್ಟದ್ದು. ನಾನು ವಿಚಾರಿಸ್ತೀನಿ ಅಂತ ಹೇಳಿ ಹೋದವಳು ವಾಪಸ್ ಬರಲೇ ಇಲ್ಲ. ಅಂಕಲ್ ಇನ್ನೂ ಕಾಯ್ತಿದ್ದಾರೆ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಯಾಕೆಂದರೆ ಅಮ್ಮ ಎದ್ದಿದ್ದಳು. ಹೊಸಿಲು ದಾಟಿ ಒಳಗೆ ಬಂದಳು, ಕಪಾಟಿನಿಂದ ಹೊಸ ಕೈಪಟ್ಟಿ ತೆಗೆದಳು, ಮೇಜಿಗೆ ಬಗ್ಗಿ ಅಪ್ಪನ ಹೆಸರು ಬರೆದಳು. ಅವಳ ಅಕ್ಷರ ಯಾವತ್ತೂ ಗುಂಡಗೆ. ಅಂದು ಇನ್ನೂ ಗುಂಡಗಿತ್ತು. ದೊಡ್ಡಪ್ಪನ ಮಣಿಕಟ್ಟಿನಿಂದ ಡಿಪೋ ಮ್ಯಾನೇಜರನ ಪಟ್ಟಿಯನ್ನು ಕತ್ತರಿಸಿ ಎಸೆದು ಇದನ್ನು ಕಟ್ಟಿದಳು. ಬಿಗಿಯಾಯಿತೇನೋ ಎಂದು ಬೆರಳು ತೂರಿಸಿ ನೋಡಿದಳು. ಆಮೇಲೆ ಪರದೆಯ ಹಿಂದೆ ಹೋಗಿ ಕೂತಳು. ಕುರ್ಚಿ ಕಿರ್ ಎಂದಿತು.

ಆಮೆ ಮತ್ತೆ ಕೈ ತೊಳೆದಳು. ಈ ಸಲ ಅವಸರ ಮಾಡು ಎಂದು ನನ್ನ ಮನಸ್ಸಿಗೂ ಬರಲಿಲ್ಲ.

"ನಮಸ್ಕಾರ. ನಾನು ಇವತ್ತು ನಿಮ್ಮನ್ನ ನೋಡ್ಕೊಳ್ಳೋ ನರ್ಸು. ಹೇಗಿದ್ದೀರಾ?"

"ಎದೆ ಭಾರ" ಎಂದಿತು ಪರದೆಯ ಹಿಂದಿನ ದನಿ.

"ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?"

ಅಮ್ಮ ಅಪ್ಪನ ಹೆಸರು ಹೇಳಿದಳು. ಅವನ ತಂದೆಯ ಹೆಸರು ಹೇಳಿದಳು, ಹುಟ್ಟಿದ ವರ್ಷ ಹೇಳಿದಳು. ದನಿ ಅಮ್ಮನದೇ. ಅದರ ಕೆಳಗೆ ಇನ್ನೊಂದು, ಕೂಗಿ ಕೂಗಿ ಒಡೆದ ಗಂಟಲು ನನಗೆ ಕೇಳಿಸಿತು ಎಂದು ಹೇಳಿದರೆ ನೀವು ನಗಬಹುದು. ನಗಿ, ಬೇಸರವಿಲ್ಲ.

ಆಮೆ ಕೈಪಟ್ಟಿಯನ್ನು ಬೆಳಕಿಗೆ ತಿರುಗಿಸಿ ಓದಿದಳು. "ಹೊಂದತ್ತೆ" ಎಂದಳು. "ನೀವೇ. ಇನ್ನು ನಾನು ಇಲ್ಲೇ ಇರ್ತೀನಿ."

ಆಮೇಲೆ ಅವಳು ಮಾಡಿದ್ದನ್ನು ನಾನು ನೋಡುತ್ತಾ ನಿಂತೆ. ತಲೆಯ ಕಡೆ ಮಂಚ ಎತ್ತರಿಸಿದಳು. ಡಾಕ್ಟರಿಗೆ ಹೇಳಿ ಎಂದು ನನ್ನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು, ನಾನು ಬಾಗಿಲ ತನಕ ಓಡಿ ಹೋಗಿ ಬಂದೆ. ನಾಡಿ ಹಿಡಿದಳು, ಆಮ್ಲಜನಕದ ಮುಖವಾಡ ಹಾಕಿದಳು, ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದಳು. ಅಮ್ಮ ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಭುಜಕ್ಕೆ ಹೋಗ್ತಿದೆ. ಬೆವರ್ತಿದೀನಿ. ಕಾಫಿ ಆರಿಹೋಗತ್ತೆ ಅಂತ ನಮ್ಮವಳು ಕಾಯ್ತಿರ್ತಾಳೆ. ಈ ಕೊನೆಯ ಮಾತು ಪಾತ್ರದಲ್ಲಿರಲಿಲ್ಲ. ಆಮೆ ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ಗೊಂಬೆಯ ಕೈ ಹಿಡಿದುಕೊಂಡೇ ನಿಂತಳು.

"ಈಗ ಹೇಗಿದೆ?"

ಪರದೆಯ ಹಿಂದೆ ಬಹಳ ಹೊತ್ತು ಸದ್ದಿಲ್ಲ. ನಾನು ಅತ್ತ ಹೆಜ್ಜೆ ಇಟ್ಟೆ. ಆಗ ಅಮ್ಮ, "ಹಗುರ ಆಯ್ತಮ್ಮ" ಎಂದಳು. ಮತ್ತೆ ಅಳುವಿನ ನಡುವೆಯೇ, "ರೈಟ್, ರೈಟ್" ಎಂದಳು.

ಆಮೆ ಪರೀಕ್ಷೆಗೆ ಹೋದಳು. ನಾನು ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ಅಮ್ಮ ಅಗತ್ಯವಿಲ್ಲದ ತೇಪೆಗಳನ್ನು ಕತ್ತರಿಸುತ್ತಾ ಕೂತಿದ್ದಳು. ಫೋನು ಬಂದಾಗ ಇಬ್ಬರೂ ಒಟ್ಟಿಗೆ ಎತ್ತಲು ಹೋಗಿ ಕೆಳಗೆ ಬೀಳಿಸಿದೆವು.

"ಹೆಸರು ಕೇಳಿದೆ ಅಕ್ಕಾ" ಎಂದಳು ಆಮೆ. "ಅವರು ಹೇಳಿದ್ರು. ಪಟ್ಟಿ ಮೇಲಿದ್ದದ್ದೇ ಕೇಳಿಸ್ತು. ಆದ್ರೂ ನಂಗೆ ಮನಸ್ಸು ತಡೀಲಿಲ್ಲ. ಒಂದು ನಿಮಿಷ ಅಂತ ಹೇಳಿ ಪರದೆ ಸರಿಸಿ ಇಣುಕಿದೆ."

"ಇಣುಕಿದ್ಯಾ? ಪರೀಕ್ಷಕರನ್ನ?"

"ವಯಸ್ಸಾದ ಹೆಂಗಸು. ನೀರು ಕುಡೀತಿದ್ರು, ಗಾಬರಿಯಾಗಿ ಮೈಮೇಲೆ ಚೆಲ್ಕೊಂಡ್ರು. ಚೆನ್ನಾಗಿದ್ದೀರಾ ಅಂದೆ. ಚೆನ್ನಾಗಿದ್ದೀನಿ ಅಂದ್ರು. ಸರಿ ಅಂತ ಬಂದು ಮಿಕ್ಕಿದ್ದು ಮಾಡಿದೆ." ಉಸಿರು ತೆಗೆದುಕೊಂಡಳು. "ಅದಕ್ಕೊಂದು ಅಂಕ ಕಳೆದ್ರಂತೆ. ಪಾಸಾದೆ ಅಕ್ಕಾ."

ಅಮ್ಮ ಫೋನು ಕಿತ್ತುಕೊಂಡು, "ಹೋಗಲಿ ಬಿಡು ಒಂದು ಅಂಕ" ಎಂದಳು.

ಹೊರಡುವ ಮೊದಲು ಆಮೆ ಮಗಳನ್ನು ಕರೆದುಕೊಂಡು ಬಂದಿದ್ದಳು. ಹೊಸ ತಂಡದ ಹುಡುಗಿಯರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಏನೋ ಹೇಳಿಕೊಟ್ಟಳು. ಏನೆಂದು ನಾನು ಕೇಳಲಿಲ್ಲ. ಈಗ ಪರದೆಯ ಹಿಂದೆ ಕೂರುವವಳು ನಾನೇ. ಕೈಪಟ್ಟಿಯಲ್ಲಿ ಅಪ್ಪನ ಹೆಸರೇ ಇದೆ, ಅಮ್ಮ ತೆಗೆಯಲು ಬಿಡಲಿಲ್ಲ. ದಿನಕ್ಕೆ ಎಷ್ಟೋ ಸಲ ಆ ಹೆಸರು ಹೇಳುತ್ತೇನೆ. ಮಧ್ಯಾಹ್ನ ಕುರ್ಚಿ ಈಗ ತಾನಾಗಿ ಸದ್ದು ಮಾಡುವುದಿಲ್ಲ. ನೆಮ್ಮದಿಯಾಗಬೇಕಿತ್ತು. ಒಮ್ಮೊಮ್ಮೆ ಫೋನು ಕಿವಿಗಿಟ್ಟುಕೊಂಡೇ ಆ ಕಿರ್ ಗಾಗಿ ಕಾಯುತ್ತೇನೆ, ನಾಚಿಕೆಯಾಗುತ್ತದೆ.

ಮೊನ್ನೆ ಒಬ್ಬ ಹೊಸ ಹುಡುಗಿಯ ಸರದಿ. ಇನ್ನೂ ಯಾರೂ ಅಡ್ಡಹೆಸರು ಇಟ್ಟಿರದ ಹುಡುಗಿ. "ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?" ಎಂದಳು. ಹೇಳಿದೆ. "ಇನ್ನೊಂದ್ಸಲ ಹೇಳ್ತೀರಾ?" ಹೇಳಿದೆ.

ತಟ್ಟೆ ಇಳಿದ ಸದ್ದು. ಹೊಂದ್ತಿಲ್ಲ ಎಂಬ ಮಾತಿಗೆ ಕಾಯುತ್ತಿದ್ದೆ, ಅದು ಬರಲಿಲ್ಲ. ಪರದೆ ಸರ್ರನೆ ಸರಿಯಿತು. ಹುಡುಗಿ ನನ್ನ ಮುಂದೆ ಮಂಡಿಯೂರಿ ನನ್ನ ಮಣಿಕಟ್ಟನ್ನು ಹಿಡಿದಾಗಿತ್ತು.

"ಯಾಕಮ್ಮ? ಸರಿಯಾಗೇ ಹೇಳಿದ್ನಲ್ಲ" ಎಂದೆ.

"ನೀವು ನಿಮ್ಮ ಹೆಸರು ಹೇಳಿದ್ರಿ ಅಕ್ಕಾ. ಎರಡು ಸಲವೂ."

ನಾನು ಅಪ್ಪನ ಹೆಸರು ಹೇಳಿದ್ದೆ. ಆ ಕುರ್ಚಿಯಲ್ಲಿ ಕೂತು ತನ್ನ ಹೆಸರು ತಾನು ಹೇಳಿದವನು ಏನಾದ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಉಳಿದ ಹುಡುಗಿಯರು ಪರದೆಯ ಅಂಚಿನಲ್ಲಿ ಗುಂಪುಗೂಡಿದ್ದರು. ಒಬ್ಬಳು ಆಗಲೇ ಮೆಟ್ಟಿಲಿಳಿದು ಔಷಧದಂಗಡಿಗೆ ಓಡಿದ್ದಳು, ಚಪ್ಪಲಿಯ ಸದ್ದು ಕೇಳುತ್ತಿತ್ತು. ಅಮ್ಮ ಒಳಗೆ ಬಂದು ನನ್ನ ತಲೆಯ ಹಿಂದೆ, ಗೋಡೆಗೂ ತಲೆಗೂ ನಡುವೆ, ತನ್ನ ಅಂಗೈ ಇಟ್ಟಳು.

"ನಂಗೇನಾಗಿಲ್ಲ, ಚೆನ್ನಾಗಿದ್ದೀನಿ" ಎಂದೆ.

ಹುಡುಗಿ ಕೈ ಬಿಡಲಿಲ್ಲ. ಗಡಿಯಾರ ನೋಡುತ್ತಾ, ತುಟಿ ಆಡಿಸುತ್ತಾ, ಪೂರ್ತಿ ಎಣಿಸಿದಳು. "ಸರಿ ಇದೆ ಮೇಡಂ" ಎಂದಳು ಕೊನೆಗೆ. ಆದರೂ ಯಾರೂ ಕದಲಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಯಾಕೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಾನು ಗಂಟಲು ಸರಿಮಾಡಿಕೊಂಡು, ಕೆಳಗಿನ ಅಂಗಡಿಗೂ ಕೇಳುವ ಹಾಗೆ, "ರೈಟ್, ರೈಟ್" ಎಂದೆ.